ಹದಿನೇಳನೆಯ ಸಾಲು

ಸಂಸತ್ ಸದಸ್ಯೆಯ ಕಚೇರಿ ಇದ್ದದ್ದು ಕನ್ನಡಕದ ಅಂಗಡಿಯೊಂದರ ಮಹಡಿಯಲ್ಲಿ. ಕಡಿದಾದ ಹತ್ತೊಂಬತ್ತು ಮೆಟ್ಟಿಲು. ಅಹವಾಲು ಹೇಳಿಕೊಳ್ಳಲು ಬರುವವರಲ್ಲಿ ಅರ್ಧ ಜನ ಮೇಲೆ ಮುಟ್ಟುವಷ್ಟರಲ್ಲಿ ಏದುಸಿರು ಬಿಡುತ್ತ, ಹೇಳಬೇಕೆಂದುಕೊಂಡಿದ್ದನ್ನೆಲ್ಲ ಮರೆತು, ಮೊದಲು ಒಂದು ಲೋಟ ನೀರು ಕೇಳುತ್ತಿದ್ದರು. ಅವರಿಗೆ ನೀರು ಕೊಟ್ಟು, ಕುರ್ಚಿ ತೋರಿಸಿ, ಮರೆತದ್ದನ್ನು ಒಂದೊಂದಾಗಿ ನೆನಪಿಸಿ ಅರ್ಜಿ ಬರೆಸಿಕೊಳ್ಳುತ್ತಿದ್ದವನು ಆಕೆಯ ಕಾರ್ಯದರ್ಶಿ. ಯಾವ ಕಾಗದ ಯಾವ ಬೀರುವಿನ ಯಾವ ಅರೆಯಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದುದರಿಂದ ಊರಿನವರು ಅವನಿಗೆ ‘ಕಡತ’ ಎಂದೇ ಹೆಸರಿಟ್ಟಿದ್ದರು. ಚಿಕ್ಕವರಿಗೆ ಕಡತದಣ್ಣ. ಹದಿನೈದು ವರ್ಷ ಹತ್ತಿರವಾಗಿತ್ತು ಅವನು ಆ ಮೇಜಿಗೆ ಬಂದು. ಬಂದಾಗ ತಲೆ ತುಂಬ ಕೂದಲಿತ್ತು.

ಚುನಾವಣೆಗೆ ಇನ್ನು ಏಳು ವಾರ. ಎಲ್ಲರೂ ಮೇಡಂ ಎನ್ನುತ್ತಿದ್ದ ಆ ಸದಸ್ಯೆಯ ಸಾಧನೆಯ ಪುಸ್ತಿಕೆಯನ್ನು ಕಡತ ಬರೆಯುತ್ತಿದ್ದ. ಇದು ಮೂರನೆಯದು. ಮೊದಲ ಪುಸ್ತಿಕೆ ಬರೆದಾಗ ಅವನಿಗೆ ಊಟ ಸೇರಿರಲಿಲ್ಲ, ಅಷ್ಟು ಹುರುಪು. ಈಗ ಹಳೆಯದನ್ನು ಎದುರಿಗಿಟ್ಟುಕೊಂಡು ಅದರೊಳಗಿನ ವಿಶೇಷಣಗಳನ್ನೇ ಎತ್ತಿ ಹಾಕುತ್ತಿದ್ದ. ಎರಡು ಸೇತುವೆ, ಮೂರು ರೈಲಿಗೆ ನಿಲುಗಡೆ, ಸದನದಲ್ಲಿ ನಾನೂರ ಹನ್ನೆರಡು ಪ್ರಶ್ನೆ. ‘ದಣಿವರಿಯದ ಜನಸೇವಕಿ’ ಎಂದು ಬರೆಯುವಾಗ ಅವನಿಗೆ ದೊಡ್ಡದೊಂದು ಆಕಳಿಕೆ ಬಂತು.

ಆ ಸೋಮವಾರ ಮಧ್ಯಾಹ್ನ ಮೆಟ್ಟಿಲ ಮೇಲೆ ನಿಧಾನವಾದ ಹೆಜ್ಜೆ ಸದ್ದು ಕೇಳಿತು. ಐದು ಮೆಟ್ಟಿಲಿಗೊಮ್ಮೆ ನಿಂತು ನಿಂತು ಬರುವ ಹೆಜ್ಜೆ. ಬಂದವರು ಏಳನೇ ತರಗತಿಯಲ್ಲಿ ಅವನಿಗೆ ಲೆಕ್ಕ ಕಲಿಸಿದ ಟೀಚರ್. ನಿವೃತ್ತಿಯಾಗಿ ಹದಿಮೂರು ವರ್ಷ ಕಳೆದಿತ್ತು. ಅವರನ್ನು ಕಂಡರೆ ಈಗಲೂ ಅವನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

“ಬನ್ನಿ ಟೀಚರ್, ಕೂತ್ಕೊಳ್ಳಿ. ಮಂಡಿ ಹೇಗಿದೆ?”

“ಮಂಡಿ ಇದೆ, ಅಷ್ಟೇ ಅದರ ಸಮಾಚಾರ. ನೀನು ಮೊದಲು ಇದನ್ನ ನೋಡು.”

ಚೀಲದಿಂದ ಉದ್ದನೆಯ ಹಾಳೆಯೊಂದನ್ನು ತೆಗೆದು ಅವನ ಪುಸ್ತಿಕೆಯ ಮೇಲೇ ಹಾಸಿದರು. ಮಧ್ಯೆ ಒಂದು ಗೆರೆ. ಎಡಕ್ಕೆ, ಮೇಡಂ ಸದನದಲ್ಲಿ ಯಾವ ಮಸೂದೆಗೆ ಏನು ಮತ ಹಾಕಿದರು, ಎಲ್ಲಿ ಮಾತಾಡಿದರು, ಎಲ್ಲಿ ಗೈರುಹಾಜರಾದರು. ಬಲಕ್ಕೆ, ಆಯಾ ಕಾಲದಲ್ಲಿ ಅವರ ಚುನಾವಣಾ ಖರ್ಚಿಗೆ ಯಾರು ಎಷ್ಟು ಕೊಟ್ಟರು. ಒಟ್ಟು ಮೂವತ್ತೆರಡು ಸಾಲು. ಪ್ರತಿಯೊಂದರ ಕೆಳಗೂ ಎಲ್ಲಿಂದ ತೆಗೆದದ್ದು ಎಂಬ ಪುಟಸಂಖ್ಯೆ.

“ನಾವು ನಾಲ್ಕು ಜನ ಸೇರಿ ಮಾಡಿದ್ದು,” ಅಂದರು ಟೀಚರ್. “ನಾನು, ಬ್ಯಾಂಕಲ್ಲಿ ಗುಮಾಸ್ತರಾಗಿದ್ದವರೊಬ್ಬರು, ಪೋಸ್ಟ್‌ಮಾಸ್ಟರ್ ಒಬ್ಬರು, ಗ್ರಂಥಾಲಯ ನೋಡ್ಕೋತಿದ್ದವರೊಬ್ಬರು. ನಾಲ್ವರ ವಯಸ್ಸು ಕೂಡಿಸಿದ್ರೆ ಇನ್ನೂರ ತೊಂಬತ್ತೊಂದು. ಎರಡು ವರ್ಷ ಹಿಡೀತು. ಸದನದ ನಡಾವಳಿ ಓದೋದು ಅಂದ್ರೆ ಶಿಕ್ಷೆ ಕಣೋ.”

“ನಮ್ಮ ಮೇಡಂ ಒಬ್ಬರದ್ದೇನಾ?”

“ಎದುರು ನಿಂತಿರೋನದ್ದೂ ಇದೆ. ಅವನು ಸಂಸತ್ತಿನ ಮುಖ ನೋಡಿಲ್ವಲ್ಲ, ಅವನ ಎಡಗಡೆ ಬರೀ ಖಾಲಿ. ಬಲಗಡೆ ಮಾತ್ರ ತುಂಬಿ ತುಳುಕ್ತಿದೆ.” ಅವರು ನಗಲಿಲ್ಲ. “ನಾವು ಯಾರನ್ನೂ ಬೈದಿಲ್ಲ, ಹೊಗಳಿಲ್ಲ. ಪಕ್ಕಪಕ್ಕ ಇಟ್ಟಿದ್ದೀವಿ, ಅಷ್ಟೆ. ಹತ್ತು ದಿನ ಟೈಮು. ಎಲ್ಲಾದ್ರೂ ತಪ್ಪಿದ್ರೆ ಗುರುತು ಹಾಕಿ ಕೊಡು, ತಿದ್ತೀವಿ. ಸರಿ ಇದ್ರೆ ಸರಿ ಅಂತ ನಿಮ್ಮ ಮೇಡಂ ಕೈಲಿ ಒಂದು ಸಹಿ ಹಾಕಿಸು. ಏನೂ ಕೊಡದಿದ್ರೆ ‘ಉತ್ತರ ಬಂದಿಲ್ಲ’ ಅಂತ ಅಚ್ಚಾಗುತ್ತೆ. ಮನೆಮನೆಗೂ ಹಾಕ್ತೀವಿ.”

ಅವರು ನೀರು ಕುಡಿದು ಹೋದ ಮೇಲೆ ಕಡತ ಬೀರುಗಳ ಬಾಗಿಲು ತೆಗೆದು ಪರಿಶೀಲನೆಗೆ ಕುಳಿತ. ಟೀಚರ್ ಅವನ ಉತ್ತರಪತ್ರಿಕೆ ತಿದ್ದುತ್ತಿದ್ದ ದಿನಗಳಿದ್ದವು. ಈಗ ತಾನು ಅವರದ್ದನ್ನು ತಿದ್ದುವುದು ಒಂದು ರೀತಿ ಮೋಜೆನಿಸಿತು. ಒಂದು ತಪ್ಪು ಸಿಕ್ಕರೆ ಸಾಕು ಎಂದು ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ಒಂದನೆಯದು ಸರಿ. ಎರಡನೆಯದು ಸರಿ. ನಾಲ್ಕನೆಯದು, ಸದಸ್ಯರು ತಮ್ಮ ಪಿಂಚಣಿಯನ್ನು ತಾವೇ ಏರಿಸಿಕೊಂಡ ಮಸೂದೆ, ಮೇಡಂ ಪರವಾಗಿ ಮತ ಹಾಕಿದ್ದರು, ಅದೂ ಸರಿ. ಹಾಗೇ ಕೆಳಗಿಳಿದು ಹದಿನೇಳನೆಯ ಸಾಲಿಗೆ ಬಂದಾಗ ಅವನ ಬೆರಳು ನಿಂತಿತು.

ಎಡಕ್ಕೆ: ‘ಕಾರ್ಖಾನೆ ದೂಳು ನಿಯಂತ್ರಣ ಮಸೂದೆ. ಟೈಲ್ಸ್ ಕಾರ್ಖಾನೆಗಳ ಕಾರ್ಮಿಕರಿಗೆ, ಗುತ್ತಿಗೆಯವರೂ ಸೇರಿದಂತೆ, ಮಾಲೀಕರ ಖರ್ಚಿನಲ್ಲಿ ವರ್ಷಕ್ಕೊಮ್ಮೆ ಎದೆಯ ಎಕ್ಸ್‌ರೇ ಮತ್ತು ಕಾಯಿಲೆ ಬಿದ್ದವರಿಗೆ ಪರಿಹಾರ ಎಂಬ ತಿದ್ದುಪಡಿಯನ್ನು ಸದಸ್ಯೆ ಸೂಚಿಸಿದ್ದರು. ಮತದಾನದ ದಿನ ಹಿಂಪಡೆದರು.’ ಬಲಕ್ಕೆ: ‘ಐದು ವಾರದ ನಂತರ, ಟೈಲ್ಸ್ ಮಾಲೀಕರ ಸಂಘ, ಐವತ್ತು ಲಕ್ಷ. ಆ ಚುನಾವಣೆಯಲ್ಲಿ ಬಂದ ಅತಿ ದೊಡ್ಡ ದೇಣಿಗೆ.’

ಸರಿ ಇತ್ತು. ಪುಟಸಂಖ್ಯೆಯೂ ಸರಿ.

ಆ ತಿದ್ದುಪಡಿಯನ್ನು ಬರೆದವನು ಕಡತನೇ. ಅವನ ಅಕ್ಕನ ಗಂಡ ಇಪ್ಪತ್ತೆರಡು ವರ್ಷ ಟೈಲ್ಸ್ ಕಾರ್ಖಾನೆಯ ಪಾಲಿಶ್ ವಿಭಾಗದಲ್ಲಿ ಗುತ್ತಿಗೆಯ ಮೇಲೆ ದುಡಿದು, ಕೊನೆಗೆ ಮೂರು ಮೆಟ್ಟಿಲು ಹತ್ತಲಾಗದೆ ಮನೆ ಹಿಡಿದಿದ್ದ. ಹೊಟ್ಟೆಗೆ ಇಳಿದ ದೂಳು ಹೇಗೋ ಹೊರಗೆ ಹೋಗುತ್ತದೆ, ಎದೆಗೆ ಇಳಿದದ್ದು ಹೋಗುವುದಿಲ್ಲ ಎಂದು ವೈದ್ಯರು ಹೇಳಿದ್ದರು. ಭಾವನ ಎಕ್ಸ್‌ರೇಯನ್ನು ಇದೇ ಕಚೇರಿಯ ಕಿಟಕಿಗೆ ಹಿಡಿದು ಕಡತ ಮೇಡಂಗೆ ತೋರಿಸಿದ್ದ. ಮೇಡಂ ತುಂಬ ಹೊತ್ತು ನೋಡಿ, “ಇದೇನಯ್ಯ, ಒಳಗೆ ಸುಣ್ಣ ಎರಚಿದ ಹಾಗಿದೆ” ಅಂದಿದ್ದರು. ಹನ್ನೊಂದು ಸಲ ತಿದ್ದಿ ಬರೆದದ್ದು. ‘ಗುತ್ತಿಗೆಯವರೂ ಸೇರಿದಂತೆ’ ಎಂಬ ಮಾತನ್ನು ಕಾನೂನು ಇಲಾಖೆಯವರು ಮೂರು ಸಲ ಹೊಡೆದುಹಾಕಿದ್ದರು, ಅವನು ಮೂರು ಸಲವೂ ಮತ್ತೆ ಸೇರಿಸಿದ್ದ. ಪತ್ರಿಕೆಯಲ್ಲಿ ಸುದ್ದಿ ಬಂದಾಗ ಅಕ್ಕ ಅದನ್ನು ಕತ್ತರಿಸಿ ಇಟ್ಟುಕೊಂಡು, ಬಂದವರಿಗೆಲ್ಲ “ನನ್ನ ತಮ್ಮ ಬರೆದದ್ದು” ಎಂದು ತೋರಿಸಿದ್ದಳು.

ಮತದಾನದ ದಿನ ಬೆಳಿಗ್ಗೆ ಹನ್ನೊಂದಕ್ಕೆ ರಾಜಧಾನಿಯ ಚಿಕ್ಕ ಕೋಣೆಯಲ್ಲಿ ಫೋನು ಬಂತು. ಮಾತು ಮುಗಿಸಿ ಹೊರಬಂದ ಮೇಡಂ ಅವನ ಮುಖ ನೋಡದೆ, “ಹಿಂಪಡೆಯೋ ಪತ್ರ ಒಂದು ಟೈಪ್ ಮಾಡು” ಅಂದರು. ಎರಡೇ ಸಾಲು. ಅವನು ಟೈಪ್ ಮಾಡಿದ. ಒಂದು ಅಲ್ಪವಿರಾಮ ಬಿಟ್ಟುಹೋಗಿದೆಯೆಂದು ಮತ್ತೊಮ್ಮೆ ಅಚ್ಚು ತೆಗೆದು ಸಹಿಗೆ ಕೊಟ್ಟ. ಸಂಜೆ ಅಕ್ಕನಿಗೆ ಫೋನು ಮಾಡಿ, “ಮೇಲಿನವರು ಒಪ್ಪಲಿಲ್ಲ ಅಕ್ಕ, ಬಿದ್ದೋಯ್ತು” ಅಂದ. ಐದು ವರ್ಷದಿಂದ ಅಕ್ಕ ‘ಮೇಲಿನವರಿಗೆ’ ಶಾಪ ಹಾಕುತ್ತಿದ್ದಳು, ಅವನು ಅವಳ ಮನೆಯಲ್ಲಿ ಕುಳಿತು ಹೂಂಗುಟ್ಟುತ್ತಿದ್ದ.

ಮಾರನೆಯ ದಿನ ಬೆಳಿಗ್ಗೆ ಒಳಕೋಣೆಯಲ್ಲಿ ಮೂವರು ಸೇರಿದರು. ಮೇಡಂಗೆ ಅರವತ್ತಮೂರು. ಬೆಳಗಿನ ಎರಡು ಸಭೆ ಮುಗಿಸಿ ಬಂದು, ಶೂ ಬಿಚ್ಚಿ, ಊದಿದ ಕಾಲನ್ನು ಸ್ಟೂಲಿನ ಮೇಲೆ ನೀಡಿಕೊಂಡಿದ್ದರು. ಎದುರಿಗೆ ಪ್ರಚಾರದ ಖಜಾಂಚಿ. ಅವನಿಗೆ ಗೋಂದಣ್ಣ ಎಂದು ಹೆಸರು ಬಿದ್ದದ್ದು, ಯಾವ ಶ್ರೀಮಂತನನ್ನು ಹಿಡಿದರೂ ಚೆಕ್ಕಿಗೆ ಸಹಿ ಬೀಳುವ ತನಕ ಅಂಟಿದ ಕೈ ಬಿಡುವುದಿಲ್ಲವೆಂದು.

“ಆ ಹದಿನೇಳನೇದು ಹೋಗ್ಲೇಬೇಕು,” ಅಂದ ಗೋಂದಣ್ಣ. “ಒಂದು ವಕೀಲರ ನೋಟಿಸು ಬಿಟ್ರೆ ಆ ಮುದುಕ್ರು ನಾಲ್ಕೂ ಜನ ಮನೆ ಸೇರ್ಕೋತಾರೆ.”

“ಅವರು ಸೇರಲ್ಲ,” ಅಂದ ಕಡತ. “ನನಗೆ ಆ ಟೀಚರ್ ಗೊತ್ತು.”

“ಹಾಗಾದ್ರೆ ತಪ್ಪಿದೆ ಅಂತ ಬರ್ದು ಕೊಡಿ. ಯಾವುದು ತಪ್ಪು ಅಂತ ಅವರು ಹುಡುಕೋದ್ರೊಳಗೆ ಚುನಾವಣೆ ಮುಗಿದಿರುತ್ತೆ.”

“ತಪ್ಪಿದೆಯಾ?” ಎಂದು ಮೇಡಂ ಕಣ್ಣು ಮುಚ್ಚಿಕೊಂಡೇ ಕೇಳಿದರು.

“ಇಲ್ಲ ಮೇಡಂ. ಮೂವತ್ತೆರಡೂ ಸರಿ ಇದೆ.”

“ಸಂಘದವರು ನಿನ್ನೆ ತಾನೆ ಈ ಸಲದ್ದಕ್ಕೆ ಹೂಂ ಅಂದಿದ್ದಾರೆ,” ಗೋಂದಣ್ಣನ ಧ್ವನಿ ಏರಿತು. “ಅರವತ್ತು ಲಕ್ಷ! ಈ ಹಾಳೆಗೆ ನೀವೇ ಸಹಿ ಹಾಕಿದ್ರಿ ಅಂದ್ರೆ ಅವರು ನಮ್ಮ ಬಾಗಿಲಿಗೂ ಬರಲ್ಲ. ಸೀದಾ ಎದುರು ಮನೆಗೆ ಹೋಗ್ತಾರೆ. ಆಮೇಲೆ ಗಾಡಿಗೆ ಪೆಟ್ರೋಲು ಯಾರು ಹಾಕಿಸ್ತಾರೆ, ಈ ಕಡತನಾ?”

ಮೇಡಂ ಕಣ್ಣು ತೆರೆದರು. “ನೀವು ಸ್ವಲ್ಪ ಹೊರಗಿರಿ” ಎಂದು ಗೋಂದಣ್ಣನಿಗೆ ಹೇಳಿ, ಬಾಗಿಲು ಮುಚ್ಚಿದ ಮೇಲೆ ಕಡತನ ಕಡೆ ತಿರುಗಿದರು.

“ಅವತ್ತು ಫೋನಲ್ಲಿ ಏನಂದ್ರು ಅಂತ ನೀನು ನನ್ನ ಒಂದು ದಿನವೂ ಕೇಳಲಿಲ್ಲ.”

“ನೀವೂ ಹೇಳಲಿಲ್ಲ ಮೇಡಂ.”

“ಪಕ್ಷದ ಮುಖಂಡರು. ‘ಇದು ಹೇಗೂ ಬೀಳುತ್ತೆ. ನೀನಾಗಿ ಹಿಂದೆ ತಗೊಂಡ್ರೆ ನಿಮ್ಮೂರ ಆಸ್ಪತ್ರೆಗೆ ಮೂವತ್ತು ಹಾಸಿಗೆಯ ಎದೆರೋಗದ ವಾರ್ಡು. ಹಟ ಹಿಡಿದ್ರೆ ಅದೂ ಇಲ್ಲ, ಇದೂ ಇಲ್ಲ, ಮುಂದಿನ ಸಲ ಟಿಕೆಟ್ಟೂ ಇಲ್ಲ.’ ಯೋಚನೆ ಮಾಡೋಕೆ ಕಾಲು ಗಂಟೆ ಕೊಟ್ರು. ನಾನು ವಾರ್ಡು ತಗೊಂಡೆ.” ಅವರು ಕಾಲನ್ನು ನೀವಿಕೊಂಡರು. “ವಾರ್ಡು ಬಂತು. ನಿಮ್ಮ ಭಾವ ಎಷ್ಟು ಸಲ ಮಲಗಿದ್ದಾರೆ ಅಲ್ಲಿ?”

“ಎಂಟು ಸಲ.”

“ಆಮೇಲೆ ಸಂಘದವರು ಬಂದ್ರು, ಕೈಯಲ್ಲಿ ಚೆಕ್ ಹಿಡ್ಕೊಂಡು, ನಗ್ತಾ ನಗ್ತಾ. ಆಗ ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ಪೋಸ್ಟರ್‌ನವನಿಗೆ ಬಾಕಿ ಕೊಡೋದಿತ್ತು, ಗೋಂದು ತಲೆ ಮೇಲೆ ಕೂತಿದ್ದ, ತಗೊಂಡ್ಬಿಟ್ಟೆ. ನಾನು ಮಾರ್ಕೊಂಡಿಲ್ಲ ಕಣಯ್ಯ. ಆದ್ರೆ ಕೊಂಡ್ಕೊಂಡ್ವಿ ಅಂತ ಅವರು ಅಂದ್ಕೊಂಡಿದ್ರೆ, ಅದು ಸುಳ್ಳು ಅಂತ ಯಾವ ಬಾಯಲ್ಲಿ ಹೇಳ್ಲಿ?”

ಕಡತನಿಗೆ ಹೇಳಲು ಏನಾದರೂ ಇದ್ದಿದ್ದರೆ ಅದಕ್ಕೆ ಐದು ವರ್ಷ ತಡವಾಗಿತ್ತು.

“ಸಹಿ ಹಾಕ್ಬೇಕೋ ಬೇಡ್ವೋ, ಎರಡು ದಿನ ಕೊಡು,” ಅಂದರು ಮೇಡಂ. “ನಿಮ್ಮಕ್ಕನಿಗೆ ಈ ಹಾಳೆ ತಲುಪೋ ಮುಂಚೆ ನೀನೇ ಹೋಗಿ ಹೇಳು. ಅಷ್ಟು ಮಾಡು.”

ಅಕ್ಕನ ಮನೆ ಬಸ್ ಡಿಪೋದ ಹಿಂದಿನ ಸಾಲಿನಲ್ಲಿ. ಎರಡು ಕೋಣೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ. ಯಾವುದೋ ವಸತಿಗೃಹಕ್ಕೆ ಪರದೆ ಹೊಲಿಯುವ ಕೆಲಸ ಬಂದಿತ್ತು, ಬೂದುಬಣ್ಣದ ಬಟ್ಟೆ ನೆಲದ ಮೇಲೆ ಗುಡ್ಡೆ ಬಿದ್ದಿತ್ತು. ಕಿಟಕಿಯ ಪಕ್ಕ ಭಾವ ಕುರ್ಚಿಯಲ್ಲಿ ಕುಳಿತಿದ್ದ. ಮೂಗಿಗೆ ಆಮ್ಲಜನಕದ ನಳಿಕೆ. ಪಕ್ಕದಲ್ಲಿ ಯಂತ್ರ ಗುರುಗುಟ್ಟುತ್ತಿತ್ತು. ಭಾವ ಮೊದಲು ಭಾರೀ ವಾಚಾಳಿ. ಈಗ ಉಸಿರನ್ನು ಲೆಕ್ಕ ಹಾಕಿ ಮಾತಾಡುತ್ತಿದ್ದ, ತಮಾಷೆ ಮಾತ್ರ ಬಿಟ್ಟಿರಲಿಲ್ಲ.

“ಬಾರಪ್ಪಾ... ಸರ್ಕಾರ. ಈ ಹೊತ್ತಲ್ಲಿ... ಬಂದಿದ್ದೀಯ. ಮೇಡಂ... ಓಡಿಸಿದ್ರಾ?”

ಕಡತ ನಗಲು ನೋಡಿದ, ಆಗಲಿಲ್ಲ. ಬಟ್ಟೆಯ ಗುಡ್ಡೆಯನ್ನು ಬದಿಗೆ ಸರಿಸಿ ನೆಲದ ಮೇಲೆ ಕುಳಿತ. ಹಾಳೆಯ ವಿಷಯ ಹೇಳಿದ. ಹದಿನೇಳನೆಯ ಸಾಲನ್ನು ಓದಿ ಹೇಳಿದ. ಆಮೇಲೆ, “ಆ ಹಿಂಪಡೆಯೋ ಪತ್ರ ನಾನೇ ಟೈಪ್ ಮಾಡಿದ್ದು ಅಕ್ಕ. ಮೇಲಿನವರು ಬೀಳಿಸಿದ್ದಲ್ಲ. ಮತಕ್ಕೇ ಹೋಗಲಿಲ್ಲ ಅದು” ಅಂದ.

ಅಕ್ಕ ಯಂತ್ರ ನಿಲ್ಲಿಸಲಿಲ್ಲ. ಪರದೆಯ ಅಂಚು ಕೊನೆ ಮುಟ್ಟುವ ತನಕ ಹೊಲಿದಳು. ದಾರ ಕತ್ತರಿಸಿ, ಬಟ್ಟೆ ಮಡಿಸಿ ಮಂಡಿಯ ಮೇಲಿಟ್ಟುಕೊಂಡಳು.

“ಐದು ವರ್ಷ,” ಅಂದಳು. “ಈ ನೆಲದ ಮೇಲೆ ಕೂತು ಊಟ ಮಾಡಿದ್ದೀಯ. ನಾನು ಯಾರ್ಯಾರಿಗೋ ಶಾಪ ಹಾಕ್ತಿದ್ರೆ, ಇನ್ನೊಂದು ಸ್ವಲ್ಪ ಸಾರು ಹಾಕು ಅಂತ ತಟ್ಟೆ ಮುಂದೆ ಮಾಡಿದ್ದೀಯ.”

“ಅಕ್ಕ, ಅದಕ್ಕೆ ಬದಲಾಗಿ ವಾರ್ಡು...”

“ವಾರ್ಡಿನ ಮಾತು ನನಗೆ ಹೇಳ್ಬೇಡ. ಅಲ್ಲಿನ ಮಂಚ ಯಾವ ಕಾಲು ಕುಂಟುತ್ತೆ ಅಂತ ನನಗೆ ಗೊತ್ತು.”

ಭಾವ ಕೈ ಎತ್ತಿದ. “ನನಗೆ... ಅದು ಪಾಸಾಗಿದ್ರೂ... ತಡ ಆಗಿತ್ತು. ಆಗಲೇ... ಮನೆ ಸೇರಿದ್ದೆ.” ಎರಡು ಉಸಿರು ಎಳೆದುಕೊಂಡ. “ಆಮೇಲೆ ಸೇರಿದೋರು... ಇದ್ದಾರೆ. ಪಾಲಿಶ್‌ಗೆ. ಅವರಿಗೆ... ಒಂದು ಫೋಟೊ ತೆಗೆಸಿದ್ರೆ... ಮೊದಲೇ ಗೊತ್ತಾಗಿರೋದು. ಹೊರಗೆ... ಬಂದಿರೋರು.”

“ಎಷ್ಟು ಜನ ಭಾವ?” ಎಂದು ಕಡತನ ಬಾಯಿಂದ ಅಭ್ಯಾಸಬಲದಿಂದ ಬಂದುಬಿಟ್ಟಿತು.

“ಹೋಗಿ ಕೇಳು,” ಅಂದಳು ಅಕ್ಕ. “ಮೆಟ್ಟಿಲು ಹತ್ತಿ ಬರಲಿ ಅಂತ ಕಾಯ್ಬೇಡ. ಅವರ ಕೈಲಿ ಮೆಟ್ಟಿಲು ಹತ್ತೋಕಾಗಲ್ಲ.” ಎದ್ದು ಒಳಗೆ ಹೋದವಳು ಮತ್ತೆ ಹೊರಗೆ ಬರಲಿಲ್ಲ. ಕಡತ ಸ್ವಲ್ಪ ಹೊತ್ತು ಭಾವನ ಯಂತ್ರದ ಸದ್ದು ಕೇಳುತ್ತ ಕುಳಿತಿದ್ದು ಎದ್ದು ಬಂದ.

ಮೇಡಂ ಎರಡು ದಿನ ಕೇಳಿದ್ದವರು ಮೂರು ದಿನ ತೆಗೆದುಕೊಂಡರು. ನಾಲ್ಕನೆಯ ದಿನ ಬೆಳಿಗ್ಗೆ ಹಾಳೆಯ ಕೆಳಗೆ ತಮ್ಮ ಕೈಯಾರೆ ಬರೆದರು: ‘ಎಲ್ಲವೂ ಸರಿಯಾಗಿದೆ. ಹದಿನೇಳನೆಯ ಸಾಲಿನ ತಿದ್ದುಪಡಿಯನ್ನು ಆಸ್ಪತ್ರೆಯ ವಾರ್ಡಿಗಾಗಿ ಹಿಂಪಡೆದೆ. ದೇಣಿಗೆ ಆಮೇಲೆ ಬಂತು. ತೆಗೆದುಕೊಳ್ಳಬಾರದಿತ್ತು.’ ಸಹಿ ಹಾಕಿ ಪೆನ್ನಿನ ಮುಚ್ಚಳ ಹಾಕಿದರು. ಧೈರ್ಯದ ಕೆಲಸ ಮಾಡಿದವರ ಮುಖದಂತೆ ಆ ಮುಖ ಇರಲಿಲ್ಲ. ತುಂಬ ದೂರ ಹೊತ್ತುಕೊಂಡು ಬಂದ ಸಾಮಾನನ್ನು ಎಲ್ಲೋ ಒಂದು ಕಡೆ ಇಳಿಸಿದವರ ಹಾಗಿತ್ತು.

ಗೋಂದಣ್ಣ ಹಾಳೆಯನ್ನು ಓದಿ ಕುರ್ಚಿಯ ಮೇಲೆ ಕುಸಿದ. “ಮುಗೀತು. ಕೈ ತೊಳ್ಕೊಳ್ಳಿ” ಅಂದ. ಅವನು ಹೇಳಿದ ಹಾಗೇ ಸಂಘದವರು ಆ ವಾರವೇ ಎದುರಾಳಿಯ ಮನೆಗೆ ಹೋದರು. ಹದಿನಾಲ್ಕು ಪ್ರಚಾರದ ಗಾಡಿಗಳು ಐದಾದವು. ಬಣ್ಣದ ಪುಸ್ತಿಕೆಯ ಬದಲು ಕಪ್ಪುಬಿಳುಪಿನ ನಾಲ್ಕು ಪುಟ ಅಚ್ಚಾಯಿತು, ವಿಶೇಷಣಗಳಿಗೆ ಅದರಲ್ಲಿ ಜಾಗವಿರಲಿಲ್ಲ. ಗೋಂದಣ್ಣ ಬಿಟ್ಟು ಹೋಗುತ್ತಾನೆಂದು ಎಲ್ಲರೂ ಅಂದುಕೊಂಡರು. ಅವನು ಹೋಗಲಿಲ್ಲ. ಬಯ್ಯುತ್ತ ಬಯ್ಯುತ್ತಲೇ ಅಂಗಡಿ ಅಂಗಡಿ ಹತ್ತಿ ಇಳಿದು ಚಿಲ್ಲರೆ ದೇಣಿಗೆ ಎತ್ತಿದ. “ನೂರು ಕೊಟ್ಟೋನು ಸಾವಿರದ ಸಲಹೆ ಕೊಡ್ತಾನೆ ಕಣಯ್ಯ” ಎಂದು ಕಡತನ ಮುಂದೆ ಗೋಳಾಡಿದ.

ಟೀಚರ್ ಗುಂಪಿನ ಹಾಳೆ ಮನೆಮನೆಗೆ ಬಿತ್ತು. ಕಡತ ಒಂದು ವಾರ ಎದೆ ಗಟ್ಟಿ ಮಾಡಿಕೊಂಡು ಕಾದ. ಆದರೆ ಬಸ್ಸಿನಲ್ಲಿ, ಕ್ಷೌರದಂಗಡಿಯಲ್ಲಿ, ಕನ್ನಡಕದಂಗಡಿಯ ಮುಂದೆ ಜನ ಮಾತಾಡಿಕೊಂಡದ್ದು ನಾಲ್ಕನೆಯ ಸಾಲಿನ ಬಗ್ಗೆ. “ನಮಗೆ ಪಿಂಚಣಿ ಇಲ್ಲ, ಇವರು ನೋಡಪ್ಪ ತಾವೇ ಬಡಿಸ್ಕೊಂಡ್ರು!” ಹದಿನೇಳನೆಯದನ್ನು ಓದಿದವರು ಕೆಲವರು, ಓದಿ ಅರ್ಥ ಮಾಡಿಕೊಂಡವರು ಇನ್ನೂ ಕಡಿಮೆ. ‘ಪಾಪ, ನಿಜ ಹೇಳಿದ್ದಾರೆ’ ಎಂದವರಷ್ಟೇ ಜನ ‘ಕಳ್ಳತನ ಒಪ್ಕೊಂಡಿದ್ದಾರೆ’ ಎಂದರು. ಇಷ್ಟಕ್ಕಾಗಿ ತಾನು ಮೂರು ರಾತ್ರಿ ನಿದ್ದೆಗೆಟ್ಟೆನೆ ಎನಿಸಿ ಕಡತನಿಗೆ ನಗು ಬರುವ ಬದಲು ಸುಸ್ತಾಯಿತು.

ಅಂಥ ಒಂದು ಬೆಳಿಗ್ಗೆ ಮೆಟ್ಟಿಲ ಬುಡದಲ್ಲಿ ಗದ್ದಲ ಕೇಳಿ ಅವನು ಕೆಳಗಿಳಿದು ನೋಡಿದ. ಕನ್ನಡಕದಂಗಡಿಯ ಮುಂದಿನ ಕಟ್ಟೆಯ ಮೇಲೆ, ಫುಟ್‌ಪಾತಿನ ಮೇಲೆ ಇಪ್ಪತ್ತು ಇಪ್ಪತ್ತೈದು ಹೆಂಗಸರು. ಒಬ್ಬೊಬ್ಬರ ಕೈಯಲ್ಲೂ ಒಂದೋ ಎರಡೋ ದೊಡ್ಡ ಕಂದು ಲಕೋಟೆ. ಎಲ್ಲರಿಗಿಂತ ಮುಂದೆ ನಿಂತವಳು ಅಕ್ಕ.

“ನಮಸ್ಕಾರ ಕಾರ್ಯದರ್ಶಿಗಳೇ,” ಅಂದಳು. “ಇವರೆಲ್ಲ ಟೈಲ್ಸ್ ಕಾರ್ಖಾನೆಯವರ ಮನೆಯವರು. ಗಂಡಂದು, ಮಗಂದು, ಅಣ್ಣಂದು ಎಕ್ಸ್‌ರೇ ತಂದಿದ್ದಾರೆ. ನೀವು ಬರ್ಕೊಳ್ತೀರೋ, ಇಲ್ಲ ನಾವೇ ಮೇಲೆ ಬರಬೇಕೋ?”

ಹುಟ್ಟಿದಾಗಿನಿಂದ ಅಕ್ಕ ಅವನಿಗೆ ನೀನು, ಲೋ, ಕತ್ತೆ ಎಂದದ್ದುಂಟು. ನೀವು ಎಂದದ್ದಿಲ್ಲ. ಕೆನ್ನೆಗೆ ಹೊಡೆದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಅವನು ಮೇಲೆ ಹೋಗಿ ಮೇಜನ್ನೇ ಕೆಳಗಿಳಿಸಿಕೊಂಡು ಬಂದು, ಫುಟ್‌ಪಾತಿನ ಮೇಲೆ ಹಾಕಿಕೊಂಡು ಬರೆಯಲು ಕುಳಿತ. ಮಧ್ಯಾಹ್ನ ಮೂರರವರೆಗೆ ಬರೆದ. ನಲವತ್ತೊಂದು ಜನ. ಅದರಲ್ಲಿ ಇಪ್ಪತ್ತಾರು ಜನ ತಿದ್ದುಪಡಿ ಹಿಂಪಡೆದ ದಿನದ ನಂತರ ಕೆಲಸಕ್ಕೆ ಸೇರಿದವರು. ಮೇಡಂ ಪ್ರಚಾರದಿಂದ ಬಂದವರು ಮೇಲೆ ಹತ್ತದೆ ಅಲ್ಲೇ ಒಂದು ಕುರ್ಚಿ ಹಾಕಿಸಿಕೊಂಡು, ಒಂದೊಂದೇ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿದರು. ಭರವಸೆ ಕೊಡಿ ಎಂದು ಯಾರೋ ಕೇಳಿದಾಗ, “ಮತ್ತೆ ಮಂಡಿಸ್ತೀನಿ. ಪಾಸಾಗುತ್ತೆ ಅಂತ ಹೇಳಲ್ಲ” ಅಂದರು. ಆ ಮಾತಿಗೆ ಯಾರೂ ಚಪ್ಪಾಳೆ ತಟ್ಟಲಿಲ್ಲ.

ಮೇಡಂ ಗೆದ್ದರು. ಹಿಂದಿನ ಸಲ ಎಪ್ಪತ್ತು ಸಾವಿರ ಮತಗಳ ಅಂತರ ಇದ್ದದ್ದು ಈ ಸಲ ಒಂಬೈನೂರ ಮೂವತ್ತು. ಎರಡು ಸಲ ಎಣಿಸಿದರು. ಗೆದ್ದ ಸುದ್ದಿ ಬಂದಾಗ ಅವರು ಒಳಕೋಣೆಯಲ್ಲಿ ಕುರ್ಚಿಗೊರಗಿ ನಿದ್ದೆ ಹೋಗಿದ್ದರು. ಗೋಂದಣ್ಣ ಎಬ್ಬಿಸಲು ಹೋದವನು ಎಬ್ಬಿಸದೆ ಬಾಗಿಲು ಮುಂದಕ್ಕೆಳೆದು ಬಂದ.

ಎರಡು ತಿಂಗಳ ಮೇಲೆ ಭಾವ ಅದೇ ವಾರ್ಡಿನಲ್ಲಿ, ಒಂಬತ್ತನೆಯ ಸಲ ಮಲಗಿದಾಗ, ತೀರಿಕೊಂಡ. ಮಧ್ಯಾಹ್ನದ ಹೊತ್ತು. ಅಕ್ಕ ಹೊರಗಿನ ಬೆಂಚಿನಲ್ಲಿ ಕುಳಿತಿದ್ದಳು. ಸುದ್ದಿ ತಿಳಿದು ಓಡಿಬಂದ ತಮ್ಮನನ್ನು ನೋಡಿ, “ಆ ಫಾರಂ ಏನೋ ತುಂಬ್ಬೇಕಂತೆ, ನನಗೆ ತಿಳಿಯಲ್ಲ. ನೀನೇ ನೋಡೋ” ಅಂದಳು. ಅವನು ಫಾರಂ ತುಂಬಿದ. ‘ಉದ್ಯೋಗ’ ಎಂಬಲ್ಲಿ ‘ಗುತ್ತಿಗೆ ಕಾರ್ಮಿಕ’ ಎಂದು ಬರೆಯುವಾಗ ಅಕ್ಷರ ಮಂಜಾಗಿ ಪೆನ್ನು ಕೆಳಗಿಟ್ಟ.

ತಿದ್ದುಪಡಿ ಈ ಬಾರಿ ಸರ್ಕಾರದ್ದಲ್ಲದ, ಸದಸ್ಯೆಯದೇ ಖಾಸಗಿ ಮಸೂದೆಯಾಗಿ ಹೋಯಿತು. ಅಂಥವು ನೂರಾರು ಇರುತ್ತವೆ. ಸರದಿ ಬರಲು ಹದಿನಾಲ್ಕು ತಿಂಗಳು ಹಿಡಿಯಿತು. ಮುಖಂಡರು ಮತ್ತೆ ಫೋನು ಮಾಡಿದರು, ಈ ಸಲ ಕೊಡಲು ಅವರ ಹತ್ತಿರ ಏನೂ ಇರಲಿಲ್ಲ, ಹೆದರಿಸಲು ಟಿಕೆಟ್ಟು ಮಾತ್ರ ಇತ್ತು. “ಟಿಕೆಟ್ಟು ಯಾರಿಗಾದ್ರೂ ಕೊಡಿ ಸ್ವಾಮಿ, ನನ್ನ ಕಾಲು ಕೈಕೊಟ್ಟಿದೆ” ಎಂದು ಮೇಡಂ ಫೋನು ಇಟ್ಟುಬಿಟ್ಟರು.

ಮತದಾನ ನೋಡಬೇಕೆಂದು ಅಕ್ಕ ಹಟ ಹಿಡಿದಳು. ತಮ್ಮ ರೈಲಿನಲ್ಲಿ ಕರೆದುಕೊಂಡು ಹೋದ. ಸಂಸತ್ತೆಂದರೆ ಟೀವಿಯಲ್ಲಿ ಕಂಡಂತೆ ಕಿಕ್ಕಿರಿದು ತುಂಬಿರುತ್ತದೆಂದು ಅಂದುಕೊಂಡಿದ್ದಳು. ಮೇಲಿನ ಗ್ಯಾಲರಿಯಿಂದ ಬಗ್ಗಿ ನೋಡಿದರೆ ಮುಕ್ಕಾಲು ಕುರ್ಚಿ ಖಾಲಿ. ಒಬ್ಬರು ಫೋನು ನೋಡುತ್ತಿದ್ದರು, ಇನ್ನೊಬ್ಬರು ಕೈಗೆ ಗಲ್ಲ ಕೊಟ್ಟು ತೂಕಡಿಸುತ್ತಿದ್ದರು. ಮೇಡಂ ಎದ್ದು ಆರು ನಿಮಿಷ ಮಾತಾಡಿದರು. ನಲವತ್ತೊಂದು ಜನರ ವಯಸ್ಸನ್ನು ಒಂದಾದ ಮೇಲೊಂದು ಓದಿದರು, ಹೆಸರಿಲ್ಲದೆ, ಬರೀ ವಯಸ್ಸು. ಇಪ್ಪತ್ತೊಂಬತ್ತು. ಮೂವತ್ತಮೂರು. ಇಪ್ಪತ್ತಾರು. ತೂಕಡಿಸುತ್ತಿದ್ದವರು ಎಚ್ಚರವಾದರು. ಗಂಟೆ ಬಾರಿಸಿದಾಗ ಎಲ್ಲೆಲ್ಲಿಂದಲೋ ಜನ ಓಡಿಬಂದು ಗುಂಡಿ ಒತ್ತಿದರು. ಪರವಾಗಿ ಅರವತ್ತೊಂದು, ವಿರುದ್ಧ ಇನ್ನೂರ ನಾಲ್ಕು. ಮುಂದಿನ ವಿಷಯ ಯಾವುದೋ ಬಂದರಿನ ಕುರಿತು.

“ಇಷ್ಟೇನಾ?” ಎಂದಳು ಅಕ್ಕ.

“ಇಷ್ಟೇ ಅಕ್ಕ.”

“ಯಾರ್ಯಾರು ಯಾವ ಕಡೆ ಅಂತ ಗೊತ್ತಾಗುತ್ತಾ?”

“ಮುಂದಿನ ವಾರ ಅಚ್ಚಾಗುತ್ತೆ. ಟೀಚರ್ ಆಗಲೇ ಕೇಳಿದ್ದಾರೆ.”

ಮೇಡಂ ಹೊರಗೆ ಬಂದು, ಉದ್ದನೆಯ ಓಣಿಯ ಕಲ್ಲುಬೆಂಚಿನ ಮೇಲೆ ಇವರ ಪಕ್ಕದಲ್ಲೇ ಕುಳಿತರು. ಆಳೆತ್ತರದ ಕಿಟಕಿಗಳಿಂದ ಬಿಸಿಲು ಬಿದ್ದಿತ್ತು. ಒಬ್ಬ ಜವಾನ ಕಾಗದದ ಕಟ್ಟು ಹೊತ್ತು ಹಾದುಹೋದ.

ಅಕ್ಕ ಇದ್ದಕ್ಕಿದ್ದಂತೆ ಮೇಡಂ ಕಡೆ ತಿರುಗಿದಳು. “ಒಂದು ಮಾತು ಕೇಳ್ಲಾ? ಮೊದಲನೇ ಸಲ ವಾಪಸ್ ತಗೊಂಡ್ರಲ್ಲ, ಅವತ್ತು ಬೇಡ ಅಂತ ನನ್ನ ತಮ್ಮ ಹೇಳಿದ್ನಾ ನಿಮಗೆ?”

ಕಡತ ನೆಲ ನೋಡುತ್ತಿದ್ದ. ಮೇಡಂ ಹೂಂ ಎಂದುಬಿಟ್ಟರೆ ಅದನ್ನು ಅಲ್ಲಗಳೆಯುವ ಶಕ್ತಿ ತನಗೆ ಇರುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಅವರು ಹೂಂ ಎನ್ನಲಿ ಎಂದು ಅವನು ಮನಸ್ಸಿನಲ್ಲಿ ಬೇಡಿಕೊಂಡದ್ದೂ ನಿಜ.

“ಇಲ್ಲಮ್ಮ, ಹೇಳಲಿಲ್ಲ,” ಅಂದರು ಮೇಡಂ. “ನಾನೂ ಕೇಳಲಿಲ್ಲ.”

ಅಕ್ಕ ಸ್ವಲ್ಪ ಹೊತ್ತು ಅವರ ಮುಖವನ್ನೇ ನೋಡಿದಳು. ಆಮೇಲೆ ತಲೆಯಾಡಿಸಿದಳು. ಕೋಪವಿತ್ತೋ ಇಲ್ಲವೋ ತಮ್ಮನಿಗೆ ತಿಳಿಯಲಿಲ್ಲ. ರೈಲಿಗೆ ಇನ್ನೂ ಮೂರು ಗಂಟೆಯಿತ್ತು. “ಇಲ್ಲಿ ಎಲ್ಲಾದ್ರೂ ಟೀ ಸಿಗುತ್ತೇನೋ?” ಎಂದು ಕೇಳಿ, ಮೇಡಂ ಏಳಲು ಕಷ್ಟಪಡುವುದನ್ನು ಕಂಡು ಅವರ ತೋಳಿಗೆ ಕೈ ಕೊಟ್ಟಳು. ಮೂವರೂ ಮೆಟ್ಟಿಲಿಳಿದು ಕ್ಯಾಂಟೀನಿನ ಕಡೆ ನಡೆದರು. ಕಡತ ಒಂದು ಹೆಜ್ಜೆ ಹಿಂದೆ, ಇಬ್ಬರ ಚೀಲಗಳನ್ನೂ ಹಿಡಿದುಕೊಂಡು.